ಒಬ್ಬರ ಸೂರು ಹಾರಿದರೆ ಎಲ್ಲರ ಜೇಬಿಗೆ ಕೈ: ಟೆಕ್ಸಾಸಿನ ಜರ್ಮನ್ ರೈತರ ಗಾಳಿ ಇನ್ಶೂರೆನ್ಸ್

ಪ್ರಶ್ನೆ: ನಾವು ಟೆಕ್ಸಾಸಿನ ಆಸ್ಟಿನ್ ಹತ್ತಿರ ಮನೆ ತಗೊಂಡಿದ್ದೇವೆ. ಮನೆ ಇನ್ಶೂರೆನ್ಸ್‌ಗೆ ಏಜೆಂಟರು ಕೊಟ್ಟ ಕೊಟೇಶನ್‌ಗಳಲ್ಲಿ ಒಂದು ‘ಜರ್ಮೇನಿಯಾ ಫಾರ್ಮ್ ಮ್ಯೂಚುಯಲ್’ ಅನ್ನೋ ಸಂಸ್ಥೆಯದು. ನಮ್ಮದು ಫಾರ್ಮ್ ಅಲ್ಲ, ನಾವು ಜರ್ಮನರೂ ಅಲ್ಲ! ಶಿವಮೊಗ್ಗದಲ್ಲಿರುವ ನಮ್ಮ ಮಾವನವರಿಗೆ ಹೇಳಿದರೆ ‘ಷೇರುದಾರರೇ ಇಲ್ಲದ ಕಂಪನಿಯಾ? ನಾಳೆ ದುಡ್ಡು ಕೊಡೋರು ಯಾರು?’ ಅಂತಾರೆ. ಇದು ಯಾರು ಶುರು ಮಾಡಿದ್ದು, ಹೇಗೆ ನಡೆಯುತ್ತೆ, ನಮ್ಮಲ್ಲಿ ಇಂಥದ್ದು ಯಾಕಿಲ್ಲ ಅಂತ ಸ್ವಲ್ಪ ವಿವರವಾಗಿ ಹೇಳ್ತೀರಾ?

ಉತ್ತರ: ಮೊದಲು ನಿಮ್ಮ ಮಾವನವರ ಅನುಮಾನಕ್ಕೆ ಬರುತ್ತೇನೆ. ಷೇರುದಾರರಿಲ್ಲ ಅಂದರೆ ಯಜಮಾನರಿಲ್ಲ ಅಂತಲ್ಲ. ಮ್ಯೂಚುಯಲ್‌ನಲ್ಲಿ ಪಾಲಿಸಿ ತಗೊಂಡವರೇ ಯಜಮಾನರು. ಗಿರಾಕಿಯೂ ಅವರೇ, ಅಂಗಡಿಯೂ ಅವರದೇ. ಲಾಭ ಬಂದರೆ ಹೊರಗಿನವರಿಗೆ ಹಂಚುವ ಹಾಗಿಲ್ಲ. ನಷ್ಟ ಬಂದರೆ ಹೊರಗಿನವರು ಬಂದು ತುಂಬುವುದೂ ಇಲ್ಲ. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ಕಥೆ ಅದರ ಮೇಲೇ ನಿಂತಿದೆ.

ಜರ್ಮೇನಿಯಾ ಶುರುವಾದದ್ದು 1896ರಲ್ಲಿ, ಮಧ್ಯ ಟೆಕ್ಸಾಸಿನ ಜರ್ಮನ್ ರೈತರಿಂದ. ಬಿರುಗಾಳಿಗೆ ಮನೆ, ಕೊಟ್ಟಿಗೆ ಹಾಳಾದರೆ ಒಬ್ಬರಿಗೊಬ್ಬರು ನೆರವಾಗೋಣ ಅನ್ನೋದು ಆಗಿನ ಒಪ್ಪಂದ. ಇವತ್ತು ಅದರ ಮುಖ್ಯ ಕಚೇರಿ ಬ್ರೆನಮ್ ಎಂಬ ಊರಿನಲ್ಲಿದೆ. ನೀವು ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಕಾರಿನಲ್ಲಿ ಹೋಗಿದ್ದರೆ ದಾಟಿರಬಹುದು. ಬ್ಲೂ ಬೆಲ್ ಐಸ್‌ಕ್ರೀಂ ತಯಾರಾಗುವ ಊರು ಅಂದರೆ ಮಕ್ಕಳಿಗೆ ಥಟ್ಟನೆ ಗೊತ್ತಾಗುತ್ತದೆ.

ಇನ್ಶೂರೆನ್ಸ್ ಅನ್ನೋದನ್ನು ಸ್ವಲ್ಪ ಪಕ್ಕಕ್ಕಿಟ್ಟು ನಮ್ಮ ಮುಯ್ಯಿ ನೆನೆಸಿಕೊಳ್ಳಿ. ಮದುವೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರಲ್ಲ, ಯಾರು ಎಷ್ಟು ಹಾಕಿದರು ಅಂತ ಬರೆಯುತ್ತಾ? ನಾಟಿ ಹೊತ್ತಿನಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಅಂತ ಮುಯ್ಯಾಳು ಕಳಿಸುತ್ತಿದ್ದರಲ್ಲ? ಅದಕ್ಕೆ ಒಂದು ಬೈಲಾ, ಒಬ್ಬ ಕಾರ್ಯದರ್ಶಿ, ಒಂದು ರಬ್ಬರ್ ಸ್ಟಾಂಪ್ ಸೇರಿಸಿ. ಹಳೆಯ ಕಾಲದ ಮ್ಯೂಚುಯಲ್ ಹೆಚ್ಚು ಕಡಿಮೆ ಅಷ್ಟೇ.

ಜರ್ಮನ್ ಭಾಷೆ ಆಡುವ ನಾಡಿನಲ್ಲಿ ಇದು ಬಹಳ ಹಳೆಯದು. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಕಡೆ 1500ರ ದಶಕಗಳಿಂದಲೇ ‘ಬ್ರಾಂಡ್‌ಗಿಲ್ಡೆ’ಗಳಿದ್ದವು. ಬ್ರಾಂಡ್ ಅಂದರೆ ಬೆಂಕಿ, ಗಿಲ್ಡೆ ಅಂದರೆ ಸಂಘ. ಅಲ್ಲಿನ ಮನೆಗಳಿಗೆ ಹುಲ್ಲಿನ ಮಾಡು. ಒಂದು ಮನೆ ಸುಟ್ಟರೆ ಗಿಲ್ಡೆಯ ಪ್ರತಿಯೊಬ್ಬ ಸದಸ್ಯನೂ ಇಷ್ಟು ಹೊರೆ ಹುಲ್ಲು, ಇಷ್ಟು ಮರ, ಇಷ್ಟು ದಿನದ ಆಳು ಕೊಡಬೇಕು ಅಂತ ಲೆಕ್ಕ. ಆಮೇಲೆ ನಿಧಾನಕ್ಕೆ ಹುಲ್ಲಿನ ಜಾಗಕ್ಕೆ ದುಡ್ಡು ಬಂತು. ಹ್ಯಾಂಬರ್ಗ್ ನಗರದಲ್ಲಿ 1591ರಲ್ಲಿ ಬಿಯರ್ ತಯಾರಿಸುವವರು ಸೇರಿ ಬೆಂಕಿ ಒಪ್ಪಂದ ಬರೆದುಕೊಂಡರು. ಅಂಥ ಒಪ್ಪಂದಗಳೆಲ್ಲ ಕೂಡಿ 1676ರಲ್ಲಿ ನಗರದ್ದೇ ಒಂದು ಫೈರ್ ಇನ್ಶೂರೆನ್ಸ್ ನಿಧಿ ಆಯಿತು. ಇನ್ನು ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದವರು. ಈಗಿನ ಪೋಲೆಂಡಿನ ವಿಸ್ಟುಲಾ ನದಿಯ ಬಯಲಿನಲ್ಲಿ 1623ರಲ್ಲಿ ಬರೆದುಕೊಂಡ ‘ಬೆಂಕಿ ಕಟ್ಟಳೆ’ಯನ್ನು ಅವರು ರಷ್ಯಾಕ್ಕೆ ಹೊತ್ತೊಯ್ದರು. 1874ರಲ್ಲಿ ಅಲ್ಲಿಂದ ಅಮೆರಿಕದ ಕ್ಯಾನ್ಸಸ್‌ಗೆ ಹೊರಟಾಗ ಅಲ್ಲಿಗೂ ತಂದರು. ಊರಿಗೊಬ್ಬ ‘ಬೆಂಕಿ ಹಿರಿಯ’ ಇರುತ್ತಿದ್ದ. ಬೆಂಕಿ ನಷ್ಟದ ಲೆಕ್ಕ, ವಂತಿಗೆ ಎತ್ತುವುದು ಅವನ ಕೆಲಸ. ಗೋಧಿ ಬೀಜ, ಬೈಬಲ್ ಜೊತೆ ಇದೂ ಅವರ ಗಂಟಿನಲ್ಲಿತ್ತು ಅಂತಿಟ್ಟುಕೊಳ್ಳಿ.

ಅಂದ ಹಾಗೆ, ಅಮೆರಿಕದಲ್ಲಿ ಮ್ಯೂಚುಯಲ್ ಅನ್ನೋದನ್ನು ಜರ್ಮನರೇ ಕಂಡುಹಿಡಿದರು ಅಂತ ತಿಳಿಯಬೇಡಿ. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1752ರಲ್ಲೇ ಬೆಂಕಿಗೆ ಒಂದು ಮ್ಯೂಚುಯಲ್ ಕಟ್ಟಿದ್ದರು. ಅದು ಪಟ್ಟಣದ್ದು. ಜರ್ಮನ್ ರೈತರದ್ದು ಹಳ್ಳಿಯದು. ವಿಸ್ಕಾನ್ಸಿನ್ ರಾಜ್ಯ ಹುಟ್ಟಿದ್ದು 1848ರಲ್ಲಿ. ಆರೇ ವರ್ಷಕ್ಕೆ, 1854ರಲ್ಲಿ, ಅಲ್ಲಿನ ಜರ್ಮನ್‌ಟೌನ್ ಎಂಬಲ್ಲಿ ರೈತರು ತಮ್ಮದೇ ಮ್ಯೂಚುಯಲ್ ಮಾಡಿಕೊಂಡರು. ಅದು ಇವತ್ತಿಗೂ ಜರ್ಮನ್‌ಟೌನ್ ಮ್ಯೂಚುಯಲ್ ಅನ್ನೋ ಹೆಸರಲ್ಲಿ ನಡೆಯುತ್ತಿದೆ.

ರೈತರು ತಾವೇ ಯಾಕೆ ಮಾಡಿಕೊಳ್ಳಬೇಕಾಯಿತು? ಕಂಪನಿಗಳಿಗೆ ರೈತ ಬೇಡವಾಗಿದ್ದ. ಹಳ್ಳಿಯಲ್ಲಿ ಫೈರ್ ಎಂಜಿನ್ ಇಲ್ಲ, ನಲ್ಲಿ ಇಲ್ಲ. ಬಾವಿಯಿಂದ ಬಕೆಟ್‌ನಲ್ಲಿ ನೀರು ಎರಚುವಷ್ಟರಲ್ಲಿ ಕೊಟ್ಟಿಗೆ ಬೂದಿ. ಹಾಗಾಗಿ ಪ್ರೀಮಿಯಂ ಜಾಸ್ತಿ. ಏಜೆಂಟ್ ಇಂಗ್ಲಿಷ್ ಆಡುವವನು, ಷರತ್ತೆಲ್ಲ ಇಂಗ್ಲಿಷ್‌ನಲ್ಲಿ, ಅದೂ ಇರುವೆ ಗಾತ್ರದ ಅಕ್ಷರದಲ್ಲಿ. ಸಾಲದ್ದಕ್ಕೆ 1871ರಲ್ಲಿ ಶಿಕಾಗೋ ನಗರ ಸುಟ್ಟಿತು. ಹತ್ತಾರು ಇನ್ಶೂರೆನ್ಸ್ ಕಂಪನಿಗಳು ಒಂದೇ ಏಟಿಗೆ ದಿವಾಳಿ. ಶಿಕಾಗೋದ ಬೆಂಕಿಗೆ ನಮ್ಮ ಗೋಧಿ ದುಡ್ಡು ಯಾಕೆ ಸುಡಬೇಕು ಅಂತ ರೈತರು ಕೇಳಿದ್ದರಲ್ಲಿ ತಪ್ಪೇನಿದೆ? ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ಅಮೆರಿಕದಲ್ಲಿ ರೈತರ ಮ್ಯೂಚುಯಲ್‌ಗಳೇ ಸುಮಾರು 2,000 ಇದ್ದವು. ಎಲ್ಲವೂ ಜರ್ಮನರದ್ದಲ್ಲ. ಆದರೆ ಜರ್ಮನರು ನೆಲೆ ನಿಂತ ಕಡೆ ಇವು ಒತ್ತೊತ್ತಾಗಿ ಬೆಳೆದವು.

ಈಗ ಇವು ನಡೆಯುತ್ತಿದ್ದ ರೀತಿ ನೋಡೋಣ. ಮೊದಲೇ ಪ್ರೀಮಿಯಂ ಕಟ್ಟಿಸಿಕೊಳ್ಳುವ ಪದ್ಧತಿ ಬಹಳ ಕಡೆ ಇರಲಿಲ್ಲ. ಸೇರುವಾಗ ಒಂದು ಸಣ್ಣ ಶುಲ್ಕ, ಜೊತೆಗೆ ‘ಮುಂದೆ ನನ್ನ ಪಾಲು ಬಂದಾಗ ಕೊಡುತ್ತೇನೆ’ ಅಂತ ಒಂದು ಬರಹ. ವರ್ಷದಲ್ಲಿ ಯಾರದ್ದಾದರೂ ಸುಟ್ಟರೆ ಆ ನಷ್ಟವನ್ನು ಎಲ್ಲರಿಗೂ ಹಂಚುವುದು. ಇದಕ್ಕೆ ಅವರು ಅಸೆಸ್‌ಮೆಂಟ್ ಅಂದರು. ನಾವು ವಂತಿಗೆ ಅನ್ನೋಣ. ಯಾರದ್ದೂ ಸುಡದಿದ್ದರೆ ವಂತಿಗೆಯೂ ಇಲ್ಲ. ಕಚೇರಿ ಅಂದರೆ ಕಾರ್ಯದರ್ಶಿಯ ಅಡುಗೆಮನೆ ಮೇಜು. ನಷ್ಟ ಅಳೆಯುವವರು ಪಕ್ಕದ ಹೊಲದವರು.

ಆ ಕೊನೆಯ ಮಾತಿನಲ್ಲೇ ಎಲ್ಲ ಇದೆ. ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಮೂವತ್ತು ವರ್ಷ ಇನ್ಶೂರೆನ್ಸ್ ಸರ್ವೇಯರ್ ಆಗಿದ್ದವನು. ಒಮ್ಮೆ ಹಾಸನ ಜಿಲ್ಲೆಯ ಒಂದು ಹಳ್ಳಿಗೆ ಹೋದೆ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದು, ಅದರಿಂದ ಪಕ್ಕದ ಕೊಟ್ಟಿಗೆಗೂ ಹತ್ತಿತ್ತು. ಕ್ಲೇಮ್ ಫಾರಂನಲ್ಲಿ ಕರೆಂಟ್ ಶಾರ್ಟ್ ಅಂತ ಬರೆದಿದ್ದರು. ಕೊಟ್ಟಿಗೆಗೆ ವೈರೇ ಎಳೆದಿರಲಿಲ್ಲ! ಸುತ್ತ ನಿಂತಿದ್ದ ಹತ್ತು ಹದಿನೈದು ಜನರನ್ನು ಕೇಳಿದೆ. ಎಲ್ಲರೂ ಆಕಾಶ ನೋಡಿದರು. ಒಬ್ಬ ಅಜ್ಜ ಮಾತ್ರ ಟೀ ಅಂಗಡಿಯಲ್ಲಿ ನನ್ನ ಪಕ್ಕ ಕೂತು ‘ಕಂಪ್ನಿ ದುಡ್ಡಲ್ವಾ ಸಾಮಿ, ಬರ್ಕೊಂಡು ಹೋಗಿ’ ಅಂದ. ನಾನು ಬರೆದ ವರದಿ ಕಂಪನಿಯ ಟೇಬಲ್ ಮೇಲೆ ಒಂದೂವರೆ ವರ್ಷ ಮಲಗಿತ್ತು, ಅದು ಬೇರೆ ಕಥೆ. ನನಗೆ ಉಳಿದದ್ದು ಅಜ್ಜನ ಮಾತು. ಆ ದುಡ್ಡು ಅವನ ಜೇಬಿನಿಂದ ಹೋಗುವುದಾಗಿದ್ದರೆ? ಬೀಡಿ ಸೇದಿದ್ದು ಯಾರು, ಎಷ್ಟು ಹೊತ್ತಿಗೆ, ಯಾವ ಬ್ರಾಂಡು ಅಂತ ಎಲ್ಲ ಹೇಳುತ್ತಿದ್ದ. ರೈತರ ಮ್ಯೂಚುಯಲ್ ಅಗ್ಗವಾಗಿ ನಡೆದದ್ದು ಇದೇ ಕಾರಣಕ್ಕೆ. ಯಾರ ಚಿಮಣಿಯಲ್ಲಿ ಬಿರುಕಿದೆ, ಯಾರು ಲಾಟೀನು ಹಿಡಿದು ಹುಲ್ಲಿನ ಅಟ್ಟ ಹತ್ತುತ್ತಾರೆ, ಯಾರು ಸಾಲದಲ್ಲಿ ಮುಳುಗಿದ್ದಾರೆ, ಎಲ್ಲ ಊರಿಗೇ ಗೊತ್ತು. ಬೇರೆ ಪತ್ತೇದಾರಿ ಬೇಕಿಲ್ಲ.

ಆದರೆ ಟೆಕ್ಸಾಸಿನವರು ಇದೇ ಸೂತ್ರವನ್ನು ಗಾಳಿಗೆ ಹಚ್ಚಲು ಹೊರಟರು. ಗಾಳಿ ಬೇರೆ ಜಾತಿಯ ಶತ್ರು. ಜರ್ಮೇನಿಯಾದ ಕಥೆಯಲ್ಲಿ ನನಗೆ ಅತ್ಯಂತ ಕುತೂಹಲದ ಭಾಗ ಇದೇ.

ಮೊದಲು ಈ ಜನ ಅಲ್ಲಿಗೆ ಬಂದದ್ದು ಹೇಗೆ ನೋಡಿ. ಫ್ರೀಡ್ರಿಶ್ ಎರ್ನ್‌ಸ್ಟ್ ಎಂಬಾತ 1831ರಲ್ಲಿ ಈಗಿನ ಇಂಡಸ್ಟ್ರಿ ಎಂಬ ಊರಿನ ಜಾಗದಲ್ಲಿ ಜಮೀನು ಹಿಡಿದ. ಅವನು ಊರಿಗೆ ಬರೆದ ಒಂದು ಪತ್ರ ಜರ್ಮನಿಯಲ್ಲಿ ಅಚ್ಚಾಗಿ, ಕೈಯಿಂದ ಕೈಗೆ ಓಡಾಡಿ, ಜನ ಹಡಗು ಹತ್ತಿದರು. ಆಮೇಲೆ 1842ರಲ್ಲಿ ಅಲ್ಲಿನ ರಾಜವಂಶ, ಶ್ರೀಮಂತ ಮನೆತನಗಳವರು ಸೇರಿ ಒಂದು ವಲಸೆ ಸಂಘವನ್ನೇ ಮಾಡಿದರು. ನಿಮ್ಮ ಹತ್ತಿರದ ನ್ಯೂ ಬ್ರೌನ್‌ಫೆಲ್ಸ್ 1845ರಲ್ಲಿ, ಫ್ರೆಡರಿಕ್ಸ್‌ಬರ್ಗ್ 1846ರಲ್ಲಿ ಹುಟ್ಟಿದ್ದು ಆ ಸಂಘದಿಂದಲೇ. ಸಾವಿರಾರು ಜನರನ್ನು ಕರೆತಂದು ಕಡಲ ದಂಡೆಯಲ್ಲಿ ಇಳಿಸಿದರು. ಒಳನಾಡಿಗೆ ಕರೆದೊಯ್ಯಲು ಗಾಡಿ ಸಾಲಲಿಲ್ಲ, ದುಡ್ಡೂ ಸಾಲಲಿಲ್ಲ. ಡೇರೆಗಳಲ್ಲಿ ಕಾಯಿಲೆ ಬಿದ್ದು ನೂರಾರು ಜನ ಸತ್ತರು. 1847ರ ಹೊತ್ತಿಗೆ ಸಂಘ ದಿವಾಳಿ. ದೊಡ್ಡವರು ಮೇಲಿನಿಂದ ಕಟ್ಟಿದ ಸಂಘ ಐದು ವರ್ಷಕ್ಕೆ ಮುಗಿಯಿತು. ರೈತರು ಐವತ್ತು ವರ್ಷ ಬಿಟ್ಟು ತಾವೇ ಕಟ್ಟಿದ್ದು ಇನ್ನೂ ನಿಮಗೆ ಕೊಟೇಶನ್ ಕಳಿಸುತ್ತಿದೆ!

ಅವರು ಹಡಗಿನಿಂದ ಇಳಿದ ಎರಡು ಮುಖ್ಯ ಬಂದರುಗಳನ್ನು ಗಮನಿಸಿ. ಒಂದು ಇಂಡಿಯನೋಲಾ. 1875ರ ಚಂಡಮಾರುತ ಅದನ್ನು ಅರ್ಧ ಹೊತ್ತೊಯ್ದಿತು. ಮತ್ತೆ ಕಟ್ಟಿದರು. 1886ರಲ್ಲಿ ಇನ್ನೊಂದು ಬಂತು. ಜನ ಊರನ್ನೇ ಬಿಟ್ಟರು, ಈಗ ಅಲ್ಲಿ ಊರು ಅನ್ನುವಂಥದ್ದು ಉಳಿದಿಲ್ಲ. ಇನ್ನೊಂದು ಗ್ಯಾಲ್‌ವೆಸ್ಟನ್. ಅಲ್ಲಿ 1900ರ ಸೆಪ್ಟೆಂಬರ್ 8ರ ಬಿರುಗಾಳಿಗೆ ಸತ್ತವರು ಕಡಿಮೆ ಅಂದರೂ 6,000. ಅಮೆರಿಕದ ಇತಿಹಾಸದಲ್ಲಿ ಅಷ್ಟು ಜೀವ ತೆಗೆದ ಬೇರೆ ಪ್ರಕೃತಿ ವಿಕೋಪ ಇಲ್ಲ. ಒಳನಾಡಿನ ರೈತರಿಗೆ ಸಮುದ್ರ ದೂರ, ನಿಜ. ಆದರೆ ಟೆಕ್ಸಾಸಿನ ವಸಂತ ಕಾಲದ ಗುಡುಗು ಗಾಳಿ, ಆಲಿಕಲ್ಲು, ಸುಂಟರಗಾಳಿಗಳಿಗೆ ಸಮುದ್ರ ಬೇಕಾಗಿಲ್ಲ. ಹಳೆಯ ಊರಿನಲ್ಲಿ ಅವರಿಗೆ ಭಯ ಇದ್ದದ್ದು ಬೆಂಕಿಯದ್ದು. ಇಲ್ಲಿ ಬಂದು ಆಕಾಶ ನೋಡುವುದನ್ನು ಕಲಿತರು.

ಗಾಳಿ ಯಾಕೆ ಬೇರೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇದು ನಾನು ಮಾಡಿಕೊಂಡ ಉದಾಹರಣೆ, ಯಾವುದೇ ಸಂಘದ ಖಾತೆಯಿಂದ ತೆಗೆದದ್ದಲ್ಲ. ಒಂದು ಪ್ರದೇಶದಲ್ಲಿ 400 ಸದಸ್ಯರು. ಒಬ್ಬೊಬ್ಬರದ್ದು 1,000 ಡಾಲರ್ ಆಸ್ತಿಗೆ ರಕ್ಷಣೆ. ಒಟ್ಟು 4 ಲಕ್ಷ ಡಾಲರ್. ಒಂದು ಕೊಟ್ಟಿಗೆ ಸುಟ್ಟು 600 ಡಾಲರ್ ನಷ್ಟ ಆಯಿತು. ತಲಾ ಒಂದೂವರೆ ಡಾಲರ್ ವಂತಿಗೆ. 1890ರ ದಶಕದಲ್ಲಿ ಹತ್ತಿಯ ಬೆಲೆ ಬಿದ್ದು ಹೋಗಿತ್ತು, ಪೌಂಡಿಗೆ ಆರೇಳು ಸೆಂಟ್ ಸಿಕ್ಕರೆ ಹೆಚ್ಚು. ಆಗಲೂ ಇಪ್ಪತ್ತು ಇಪ್ಪತ್ತೈದು ಪೌಂಡ್ ಹತ್ತಿ ಮಾರಿದರೆ ವಂತಿಗೆ ತೀರಿತು. ಯಾರಿಗೂ ನೋವಾಗುವುದಿಲ್ಲ.

ಅದೇ 400 ಜನರ ಮೇಲೆ ಒಂದು ಸಂಜೆ ಗಾಳಿ ಬಂತು ಅನ್ನಿ. ಗಾಳಿ ಒಂದು ಮನೆ ಆರಿಸಿಕೊಂಡು ಬರುವುದಿಲ್ಲ. 60 ಮನೆಗಳ ಮಾಡು, ಕೊಟ್ಟಿಗೆ ಕೆಡವಿತು. ಮನೆಗೆ 300 ಡಾಲರ್ ಅಂದರೂ 18,000 ಆಯಿತು. ತಲಾ ವಂತಿಗೆ 45 ಡಾಲರ್! 500 ಪೌಂಡಿನ ಒಂದು ಬೇಲ್ ಹತ್ತಿಗೆ ಮೂವತ್ತು ಮೂವತ್ತೈದು ಡಾಲರ್ ಬರುತ್ತಿದ್ದ ಕಾಲ ಅದು. ವಂತಿಗೆ ಕಟ್ಟಲು ಒಂದೂಕಾಲು, ಒಂದೂವರೆ ಬೇಲ್ ಬೇಕು. ಆ ಹತ್ತಿಯೂ ಅದೇ ಗಾಳಿಗೆ ನೆಲ ಕಚ್ಚಿರುತ್ತದೆ. ಜೊತೆಗೆ, ವಂತಿಗೆ ಕಟ್ಟಬೇಕಾದವರಲ್ಲಿ ಆ 60 ಜನರೂ ಸೇರಿದ್ದಾರೆ. ತನ್ನ ಮಾಡು ಹಾರಿದವನೇ ಪಕ್ಕದವನ ಮಾಡಿಗೆ ದುಡ್ಡು ಕೊಡಬೇಕು.

ಈಗ ಶುರುವಿನಲ್ಲಿ ಹೇಳಿದ ಮಾತಿಗೆ ಬನ್ನಿ: ಹೊರಗಿನವರು ಬಂದು ತುಂಬುವುದಿಲ್ಲ. ಬೆಂಕಿಗೆ ಅಕ್ಕಪಕ್ಕದವರು ಒಳ್ಳೆಯ ಜೊತೆ. ಗಾಳಿಗೆ ಅಕ್ಕಪಕ್ಕದವರು ಕೆಲಸಕ್ಕೆ ಬರುವುದಿಲ್ಲ, ಅವರೂ ಅದೇ ಮೋಡದ ಕೆಳಗೆ ನಿಂತಿರುತ್ತಾರೆ. ಗಾಳಿ ಇನ್ಶೂರೆನ್ಸ್‌ಗೆ ಬೇಕಾದದ್ದು ದೂರದವರು. ಐವತ್ತು, ನೂರು ಮೈಲಿ ಆಚೆ, ಆ ಸಂಜೆ ಬಿಸಿಲು ಕಾಯಿಸುತ್ತಾ ಕೂತಿರುವವರು. ಆದರೆ ದೂರದವರನ್ನು ನಂಬುವುದು ಹೇಗೆ? ಗುರುತೇ ಇಲ್ಲ ಅಲ್ವಾ?

ಇಲ್ಲಿ ಜರ್ಮನ್ ಅನ್ನುವುದು ಉಪಯೋಗಕ್ಕೆ ಬಂತು ಅಂತ ನನ್ನ ಅಭಿಪ್ರಾಯ. ಟೆಕ್ಸಾಸಿನ ಜರ್ಮನ್ ಊರುಗಳು ಹ್ಯೂಸ್ಟನ್ ಕಡೆಯಿಂದ ಸ್ಯಾನ್ ಆಂಟೋನಿಯೋದ ಆಚೆಯ ಗುಡ್ಡಗಳವರೆಗೆ ಹರಡಿದ್ದವು. ಅವುಗಳ ನಡುವೆ ಒಂದು ಕಾಣದ ದಾರ ಇತ್ತು. ಅದೇ ಭಾಷೆ, ಅದೇ ಚರ್ಚುಗಳು, ಜರ್ಮನ್ ಪತ್ರಿಕೆಗಳು, ಹಾಡಿನ ಸಂಘ, ಬಂದೂಕು ಗುರಿ ಸಂಘ. ಆಸ್ಟಿನ್ ಕೌಂಟಿಯ (ಕೌಂಟಿ ಅಂದರೆ ಜಿಲ್ಲೆ, ಇದು ನಿಮ್ಮ ಆಸ್ಟಿನ್ ನಗರ ಅಲ್ಲ) ಕ್ಯಾಟ್ ಸ್ಪ್ರಿಂಗ್‌ನಲ್ಲಿ 1856ರಿಂದಲೇ ಜರ್ಮನ್ ರೈತರ ಕೃಷಿ ಸಂಘ ನಡೆಯುತ್ತಿತ್ತು. ಅಲ್ಲಿನ ನಡಾವಳಿ ತಲೆಮಾರುಗಳವರೆಗೆ ಜರ್ಮನ್‌ನಲ್ಲೇ ಬರೆದರು. ಸಭೆ ಕರೆಯುವುದು, ಅಧ್ಯಕ್ಷನನ್ನು ಆರಿಸುವುದು, ಲೆಕ್ಕ ಓದಿ ಹೇಳುವುದು ಎಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಇಬ್ಬರು ಜರ್ಮನರು ಸೇರಿದರೆ ಒಂದು ಸಂಘ ಮಾಡುತ್ತಾರೆ ಅನ್ನೋ ತಮಾಷೆ ಸುಮ್ನೆ ಹುಟ್ಟಿದ್ದಲ್ಲ. ದೂರದ ಊರಿನಲ್ಲಿ ಮುಖ ಗೊತ್ತಿಲ್ಲದಿದ್ದರೂ ಅಲ್ಲಿನ ಸಂಘದವರು ಗೊತ್ತು. ಅವರು ‘ಹೌದು, ಮಾಡು ಹಾರಿದ್ದು ನಿಜ’ ಅಂತ ಬರೆದು ಕಳಿಸಿದರೆ ಇವರು ನಂಬುತ್ತಾರೆ.

ನಷ್ಟ ಅಳೆಯುವುದರಲ್ಲಿ ಪಕ್ಕದವರ ಕಣ್ಣು ಗಾಳಿಗೂ ಬೇಕಿತ್ತು. ಗಾಳಿಯನ್ನು ಯಾರೂ ಕರೆಸುವುದಕ್ಕಾಗುವುದಿಲ್ಲ, ಅಷ್ಟರ ಮಟ್ಟಿಗೆ ಮೋಸ ಕಡಿಮೆ. ಮೋಸ ಇರುವುದು ಆಮೇಲಿನ ಲೆಕ್ಕದಲ್ಲಿ. ಒಂದು ದೃಶ್ಯ ಊಹಿಸಿಕೊಳ್ಳಿ. ಗಾಳಿ ಬಂದು ಮೂರು ದಿನ ಆಗಿದೆ. ಕುದುರೆ ಗಾಡಿಯಲ್ಲಿ ಮೂವರು ಇಳಿಯುತ್ತಾರೆ. ಅಂಗಳದಲ್ಲಿ ಮರದ ಹಲಗೆಯ ಹೆಂಚುಗಳು ಚೆಲ್ಲಾಪಿಲ್ಲಿ. ನೀರೆತ್ತುವ ಗಾಳಿಯಂತ್ರ ಮೊಣಕಾಲಿನಲ್ಲಿ ಮುರಿದ ಹಾಗೆ ಬಾಗಿದೆ. ಮನೆಯವನು ‘ಕೊಟ್ಟಿಗೆಗೆ ಪೂರ್ತಿ 300’ ಅನ್ನುತ್ತಾನೆ. ಬಂದವರಲ್ಲಿ ಒಬ್ಬ ಬಿದ್ದ ಕಂಬದ ಬುಡ ತಿರುಗಿಸಿ ಉಗುರಿನಿಂದ ಕೆರೆಯುತ್ತಾನೆ. ಗೆದ್ದಲು. ‘ಇದು ಗಾಳಿಗೆ ಬಿದ್ದದ್ದಾ, ಕೆಮ್ಮಿದ್ದಕ್ಕೆ ಬಿದ್ದದ್ದಾ?’ ಮೂವರೂ ನಗುತ್ತಾರೆ, ಮನೆಯವನೂ ಹಲ್ಲು ಕಿರಿಯುತ್ತಾನೆ. 220 ಅಂತ ಬರೆಯುತ್ತಾರೆ. ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. ನಾನು ಸರ್ವೇಯರ್ ಆಗಿದ್ದಷ್ಟು ಕಾಲವೂ ಇಂಥ ಒಂದು ಸರ್ವೇ ಮಾಡಬೇಕು ಅಂತ ಆಸೆಯಿತ್ತು.

ಜರ್ಮನರ ಪಕ್ಕದಲ್ಲೇ ನೆಲೆ ನಿಂತಿದ್ದ ಚೆಕ್ ರೈತರು ಇದನ್ನೆಲ್ಲ ನೋಡುತ್ತಿದ್ದರು. 1901ರಲ್ಲಿ ಅವರೂ ತಮ್ಮದೇ ಪರಸ್ಪರ ರಕ್ಷಣಾ ಸಂಘ ಮಾಡಿಕೊಂಡರು. ಚೆಕ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅದನ್ನು ಆರ್‌ವಿಓಎಸ್ ಅನ್ನುತ್ತಾರೆ. ಟೆಂಪಲ್ ಎಂಬ ಊರಿನದು. ನಿಮ್ಮ ಏಜೆಂಟರ ಪಟ್ಟಿಯಲ್ಲಿ ಅದೂ ಇದ್ದರೆ ಆಶ್ಚರ್ಯ ಇಲ್ಲ.

ಭಾಷೆಯ ದಾರಕ್ಕೆ ಇನ್ನೊಂದು ತುದಿಯೂ ಇತ್ತು. ನಡಾವಳಿ ಜರ್ಮನ್‌ನಲ್ಲಿ, ಸಭೆಯ ಮಾತು ಜರ್ಮನ್‌ನಲ್ಲಿ ಅಂದರೆ ಬೇರೆಯವರಿಗೆ ಬಾಗಿಲು ಮುಚ್ಚಬೇಕಾಗಿಯೇ ಇಲ್ಲ, ಹೊಸ್ತಿಲು ಎತ್ತರ ಇದ್ದರೆ ಸಾಕು. ಬ್ರೆನಮ್ ಇರುವ ವಾಷಿಂಗ್ಟನ್ ಕೌಂಟಿಯಲ್ಲಿ ಆಗ ಕಪ್ಪು ಜನರ ಸಂಖ್ಯೆ ತುಂಬಾ ದೊಡ್ಡದಿತ್ತು. ಹತ್ತಿ ಬೆಳೆಯುತ್ತಿದ್ದವರಲ್ಲಿ ಅವರೂ ಇದ್ದರು, ಬಹುಪಾಲು ಬೇರೆಯವರ ನೆಲದಲ್ಲಿ ಪಾಲಿಗೆ. ಗಾಳಿ ಅವರ ಮನೆಯನ್ನೂ ಬಿಡುತ್ತಿರಲಿಲ್ಲ. ಸಹಕಾರದ ಚರಿತ್ರೆ ಬರೆಯುವವರು ‘ಊರೆಲ್ಲ ಒಂದಾಯಿತು’ ಅಂತ ಬರೆದಾಗ ಊರು ಅಂದರೆ ಯಾರ್‍ಯಾರು ಅಂತ ಕೇಳುವುದು ನನಗೆ ಅಭ್ಯಾಸ ಆಗಿದೆ.

ಆಮೇಲೆ 1917 ಬಂತು. ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕೆ ಇಳಿಯಿತು. ರಾತ್ರೋರಾತ್ರಿ ಜರ್ಮನ್ ಮಾತಾಡುವುದೇ ಅನುಮಾನಕ್ಕೆ ಕಾರಣ. ಅಯೋವಾ ರಾಜ್ಯದ ಗವರ್ನರ್ 1918ರಲ್ಲಿ ಹೊರಡಿಸಿದ ಆದೇಶ ಎಷ್ಟು ಅತಿರೇಕಕ್ಕೆ ಹೋಯಿತು ಅಂದರೆ, ಸಾರ್ವಜನಿಕ ಜಾಗದಲ್ಲಿ, ಶಾಲೆಯಲ್ಲಿ, ಚರ್ಚಿನಲ್ಲಿ, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷ್ ಮಾತ್ರ ಆಡಬೇಕು! ದೊಡ್ಡ ನಗರಗಳ ಇನ್ಶೂರೆನ್ಸ್ ಕಂಪನಿಗಳು ಬೇಗ ಬೇಗ ಹೆಸರು ಬದಲಿಸಿದವು. ನ್ಯೂಯಾರ್ಕಿನ ಜರ್ಮೇನಿಯಾ ಲೈಫ್ ಅನ್ನೋದು ಗಾರ್ಡಿಯನ್ ಲೈಫ್ ಆಯಿತು. ಜರ್ಮನ್ ಅಮೆರಿಕನ್ ಅನ್ನೋದು ಗ್ರೇಟ್ ಅಮೆರಿಕನ್ ಆಯಿತು. ಟೆಕ್ಸಾಸಿನ ರೈತರ ಸಂಘದ ಬೋರ್ಡಿನಲ್ಲಿ ಮಾತ್ರ ಇವತ್ತು ಜರ್ಮೇನಿಯಾ ಅಂತಲೇ ಇದೆ. ಷೇರು ಪೇಟೆ ಇಲ್ಲದವರಿಗೆ ಹೆಸರಿನ ಭಯವೂ ಕಡಿಮೆ ಅಂತ ಕಾಣುತ್ತದೆ.

ನಂತರದ ಬದಲಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. ನಷ್ಟ ಆದ ಮೇಲೆ ವಂತಿಗೆ ಎತ್ತುವ ಪದ್ಧತಿ ಎಲ್ಲ ಕಡೆ ಕ್ರಮೇಣ ಹೋಯಿತು. ಮೊದಲೇ ಪ್ರೀಮಿಯಂ ಕಟ್ಟಿಸಿಕೊಂಡು ಮೀಸಲು ನಿಧಿ ಇಡುವುದು ಬಂತು. ಇದಕ್ಕಿಂತ ದೊಡ್ಡದು ಮರುವಿಮೆ, ಅಂದರೆ ಇನ್ಶೂರೆನ್ಸ್ ಕೊಡುವವರು ತಮ್ಮ ಅಪಾಯದ ಒಂದು ಪಾಲನ್ನು ಇನ್ನೊಬ್ಬರ ಹತ್ತಿರ ಇನ್ಶೂರ್ ಮಾಡಿಸುವುದು. ಅಯೋವಾದ ರೈತ ಮ್ಯೂಚುಯಲ್‌ಗಳು 1909ರಲ್ಲೇ ಸೇರಿ ತಮ್ಮದೇ ಮರುವಿಮೆ ಸಂಘ ಮಾಡಿಕೊಂಡವು. ಈಗ ಗ್ರಿನೆಲ್ ಮ್ಯೂಚುಯಲ್ ಅನ್ನೋದು ಅದೇ. ನಾನು ಮೇಲೆ ಹೇಳಿದ ‘ದೂರದವರು ಬೇಕು’ ಅನ್ನೋ ಸಮಸ್ಯೆಗೆ ಪಕ್ಕಾ ಉತ್ತರ ಇದು. ಈಗಿನ ಮರುವಿಮೆ ಪೇಟೆಯಲ್ಲಿ ಟೆಕ್ಸಾಸಿನ ಮಾಡು ಹಾರಿದರೆ ಅದರ ಒಂದು ಪಾಲನ್ನು ಯುರೋಪಿನಲ್ಲೋ ಬರ್ಮುಡಾದಲ್ಲೋ ಕೂತವರು ಕೊಡುತ್ತಾರೆ.

ಜರ್ಮೇನಿಯಾ ಈಗ ಅಮೆರಿಕದ ಅತಿ ದೊಡ್ಡ ಫಾರ್ಮ್ ಮ್ಯೂಚುಯಲ್‌ಗಳಲ್ಲಿ ಒಂದು. ಗಾಳಿಯ ಜೊತೆ ಬೆಂಕಿ, ಕಳ್ಳತನ, ಕಾರು ಎಲ್ಲ ಸೇರಿವೆ. ಕಾರಿನ ವ್ಯವಹಾರ ಇತ್ಯಾದಿಗೆ ಅದು ತನ್ನ ಕೆಳಗೆ ಬೇರೆ ಕಂಪನಿಗಳನ್ನೂ ಇಟ್ಟುಕೊಂಡಿದೆ. ‘ಫಾರ್ಮ್’ ಅನ್ನೋದು ಹೆಸರಿನಲ್ಲಿ, ಕಾನೂನಿನ ವರ್ಗದಲ್ಲಿ ಉಳಿದಿದೆ. ಹೊಲವೆಲ್ಲ ಲೇಔಟ್ ಆದಾಗ ಹೊಲದ ಇನ್ಶೂರೆನ್ಸ್ ಲೇಔಟಿನ ಮನೆಗೂ ಬಂತು. ನಿಮ್ಮ ಮನೆ ಇರುವ ಜಾಗದಲ್ಲಿ ಮೊದಲು ಹತ್ತಿಯೋ ಜೋಳವೋ ಇತ್ತೇನೋ, ಯಾರಿಗೆ ಗೊತ್ತು.

ಇನ್ನು ‘ನಮ್ಮಲ್ಲಿ ಯಾಕಿಲ್ಲ’ ಅನ್ನೋ ಪ್ರಶ್ನೆ. ಇಲ್ಲವೇ ಇಲ್ಲ ಅಂತಲ್ಲ, ಜರ್ಮನ್ ಹಳ್ಳಿಯಿಂದ ನಮಗೆ ಬಂದದ್ದು ಬೇರೆ ಗಂಟು. ಆ ಟೆಕ್ಸಾಸ್ ರೈತರು ಗಾಳಿ ಸಂಘ ಕಟ್ಟುತ್ತಿದ್ದ ಹೊತ್ತಿಗೇ ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿಗೆ ಕಳಿಸಿತ್ತು, ರೈತರ ಸಾಲದ ಸಮಸ್ಯೆಗೆ ಅಲ್ಲಿ ಏನು ಮಾಡಿದ್ದಾರೆ ನೋಡಿ ಬಾ ಅಂತ. ಜರ್ಮನಿಯಲ್ಲಿ ಫ್ರೀಡ್ರಿಶ್ ರೈಫೈಸನ್ ಎಂಬಾತ ಹಳ್ಳಿಗಳಲ್ಲಿ ಸಾಲದ ಸಹಕಾರ ಸಂಘಗಳನ್ನು ಕಟ್ಟಿದ್ದ. ಒಬ್ಬನ ಸಾಲಕ್ಕೆ ಎಲ್ಲರೂ ಜವಾಬ್ದಾರಿ. ಇದೂ ಅದೇ ಊರವರ ಕಣ್ಣಿನ ಮೇಲೆ ನಿಂತ ಲೆಕ್ಕ. ನಿಕೋಲ್ಸನ್ ವರದಿಯ ತಿರುಳೇ ‘ರೈಫೈಸನ್‌ನನ್ನು ಹುಡುಕಿ’ ಅನ್ನೋದು. 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಹೀಗೆ ನೋಡಿದರೆ ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಮತ್ತು ನಿಮ್ಮ ಕೊಟೇಶನ್‌ನ ಜರ್ಮೇನಿಯಾ ದಾಯಾದಿಗಳು. ಒಬ್ಬರು ಸಾಲ ಹಿಡಿದರು, ಒಬ್ಬರು ಗಾಳಿ ಹಿಡಿದರು.

ಮ್ಯೂಚುಯಲ್ ಇನ್ಶೂರೆನ್ಸ್ ನಮ್ಮಲ್ಲಿ ಹುಟ್ಟದೇ ಇರಲಿಲ್ಲ. ಬಾಂಬೆ ಮ್ಯೂಚುಯಲ್ 1870ರ ಹೊತ್ತಿನದು, ಜೀವ ವಿಮೆಗೆ. 1956ರಲ್ಲಿ ಎಲ್‌ಐಸಿ ಆದಾಗ ಅದೂ ಅದರಲ್ಲಿ ಸೇರಿತು. 1970ರ ದಶಕದ ಶುರುವಿನಲ್ಲಿ ಉಳಿದ ಇನ್ಶೂರೆನ್ಸೂ ರಾಷ್ಟ್ರೀಕರಣ ಆಯಿತು. ಮತ್ತೆ ಬಾಗಿಲು ತೆರೆದ 1999ರ ಕಾನೂನು ಹೊಸ ಕಂಪನಿಗೆ 100 ಕೋಟಿ ರೂಪಾಯಿ ಬಂಡವಾಳ ಬೇಕು ಅಂತ ಇಟ್ಟಿತು. ನಾನೂರು ರೈತರು ಅಡುಗೆಮನೆ ಮೇಜಿನ ಸುತ್ತ ಕೂತು ಶುರು ಮಾಡುವ ದಾರಿ ಅಲ್ಲಿಗೆ ಮುಚ್ಚಿತು. ಅದನ್ನು ತಪ್ಪು ಅಂತ ಪೂರ್ತಿ ಹೇಳಲಾರೆ. ಬರ ಬಂದಾಗ ತಾಲ್ಲೂಕಿಗೆ ತಾಲ್ಲೂಕೇ ಒಣಗುವ ನಾಡಿನಲ್ಲಿ ನಾನೂರು ಜನರ ಬೆಳೆ ವಿಮೆ ಸಂಘ ಒಂದೇ ವರ್ಷಕ್ಕೆ ಮುಳುಗುತ್ತದೆ. ಬರವೂ ಗಾಳಿಯ ಜಾತಿಯದೇ. ಆದರೆ ಕೊಟ್ಟಿಗೆ, ಬಣವೆ, ಪಂಪ್‌ಸೆಟ್, ಹಸುವಿಗೆ ಸಣ್ಣ ಸಂಘಗಳು ಚೆನ್ನಾಗಿ ನಡೆಯುತ್ತಿದ್ದವು ಅಂತ ನಾನು ಈಗಲೂ ನಂಬುತ್ತೇನೆ. ಹಾಸನದ ಆ ಅಜ್ಜನನ್ನೇ ಕಾರ್ಯದರ್ಶಿ ಮಾಡಬಹುದಿತ್ತು.

ಕೊನೆಗೆ ನಿಮ್ಮ ಕೊಟೇಶನ್. ಮ್ಯೂಚುಯಲ್ ಅನ್ನೋ ಒಂದೇ ಕಾರಣಕ್ಕೆ ತಗೋಬೇಡಿ, ಒಂದೇ ಕಾರಣಕ್ಕೆ ಬಿಡಲೂ ಬೇಡಿ. ಮಾವನವರಿಗೆ ‘ದುಡ್ಡು ಕೊಡೋದು ಮೀಸಲು ನಿಧಿ ಮತ್ತು ಮರುವಿಮೆಯವರು, ರಾಜ್ಯದ ಇನ್ಶೂರೆನ್ಸ್ ಇಲಾಖೆಯ ಕಣ್ಣು ಮೇಲಿರುತ್ತೆ’ ಅಂತ ಹೇಳಿ. ಯಾವ ಕಂಪನಿಯಾದರೂ ಅದರ ಹಣಕಾಸಿನ ರೇಟಿಂಗ್ ಕೇಳಿ ನೋಡಿ. ಪಾಲಿಸಿ ಕಾಗದದಲ್ಲಿ ಎರಡು ಕಡೆ ಬೆರಳಿಟ್ಟು ಓದಿ. ಒಂದು, ಸದಸ್ಯರ ಸಭೆ, ಮತ ಹಾಕುವ ಹಕ್ಕಿನ ಬಗ್ಗೆ ಏನಿದೆ ಅಂತ. ನೀವು ಯಜಮಾನರು ಅನ್ನೋದು ಇರೋದು ಅಲ್ಲೇ, ಹೋಗುವವರು ಕಡಿಮೆ. ಎರಡು, ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ಮೊದಲು ನೀವೇ ಹೊರಬೇಕಾದ ಪಾಲು. ಟೆಕ್ಸಾಸಿನಲ್ಲಿ ಬೆಂಕಿ, ಕಳ್ಳತನಕ್ಕೆ ಒಂದು ಮೊತ್ತ ಇದ್ದರೂ ಗಾಳಿಗೆ ಸಾಮಾನ್ಯವಾಗಿ ಮನೆಯ ಇನ್ಶೂರೆನ್ಸ್ ಮೊತ್ತದ ಶೇಕಡಾ 1 ಅಥವಾ 2 ಅಂತ ಇಟ್ಟಿರುತ್ತಾರೆ. ನಾಲ್ಕು ಲಕ್ಷ ಡಾಲರ್ ಮನೆಗೆ ಶೇಕಡಾ 2 ಅಂದರೆ 8,000 ಡಾಲರ್ ನಿಮ್ಮ ಕೈಯಿಂದ. ಆಲಿಕಲ್ಲು ಬಿದ್ದು ಮಾಡಿನ ಹಾಸು ಬದಲಿಸಬೇಕಾದಾಗ ಬಹಳ ಜನರಿಗೆ ಇದು ಆಗಲೇ ಗೊತ್ತಾಗುವುದು. ಜೊತೆಗೆ, ಹಳೆಯ ಮಾಡಿಗೆ ಹೊಸದರ ಬೆಲೆ ಕೊಡುತ್ತಾರೋ, ಸವೆತ ಕಳೆದು ಕೊಡುತ್ತಾರೋ ಅಂತ ಏಜೆಂಟರಿಂದ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಸವೆತ ಕಳೆದು ಅಂದರೆ, ಕಂಬದ ಬುಡ ಕೆರೆದು ನೋಡುವ ಆ ಮೂವರು ಇನ್ನೂ ಬರುತ್ತಾರೆ ಅಂತ ಅರ್ಥ, ಕಾಫಿಗೆ ಮಾತ್ರ ನಿಲ್ಲುವುದಿಲ್ಲ.